ಪೋರ್ಟ್ ಬಿಡುವ ತನಕ

ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಪಾಳಿಯ ಸೈರನ್ ಕೂಗಿತ್ತು. ನಾನೂ ನನ್ನ ತಂಗಿಯೂ ಕೈಗವಸು ಹಾಕಿಕೊಳ್ಳುತ್ತಿದ್ದಾಗ ಮ್ಯಾನೇಜರು ಪ್ಯಾಕಿಂಗ್ ವಿಭಾಗಕ್ಕೆ ಬಂದು ನಿಂತರು. ಬಾಟಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ ಇನ್ನು ಯಂತ್ರದ್ದು, ಬೇಸಿಗೆ ಮುಗಿಯುವುದರೊಳಗೆ ವಿಭಾಗ ಮುಚ್ಚುತ್ತದೆ ಎಂದರು. ಮೇಲಿನ ಕಂಟ್ರೋಲ್ ರೂಮಿಗೆ ಕೆಲವರು ಬೇಕಂತೆ. ಸಂಜೆ ತರಗತಿಯಲ್ಲಿ ಪ್ರೋಗ್ರಾಂ ಬರೆಯಲು ಕಲಿತು ಪರೀಕ್ಷೆ ಗೆದ್ದವರು ಅಲ್ಲಿಗೆ, ಮಿಕ್ಕವರು ಮನೆಗೆ.

ತಂಗಿ ನಿಂತಲ್ಲೇ ಕೈ ಎತ್ತಿದಳು. ನಾನು ಎತ್ತಲಿಲ್ಲ. ನನ್ನ ಓದು ಬಸ್ಸಿನ ಬೋರ್ಡಿಗೇ ಮುಗಿಯುತ್ತದೆ.

"ಏನಕ್ಕಾ, ಬಾಟಲಿ ಸುತ್ತೋ ಕೈಲಿ ಕಂಪ್ಯೂಟರ್ ಸುತ್ತುತ್ತಾಳಂತಾ ನಿನ್ನ ತಂಗಿ?" ಎಂದಳು ಪಕ್ಕದ ಮೇಜಿನವಳು.

"ಮೊದಲು ನಿನ್ನ ಬಾಯಿಗೆ ಸುತ್ತುತ್ತಾಳೆ, ತಾಳು" ಎಂದೆ.

ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ ಸರಿಸಿ ತಂಗಿ ಓದುತ್ತಿದ್ದಳು. ಸಿ ಎಂಬ ಭಾಷೆಯಲ್ಲಿ ಎರಡು ಪ್ರೋಗ್ರಾಂ ಬರೆಯಬೇಕಿತ್ತು. ಕೆಳಗಿನ ಯಂತ್ರದ ಸುದ್ದಿ ಮೇಲಿನ ಕೋಣೆಗೆ ಮುಟ್ಟುವುದು ಅದರಿಂದಲೇ. ನನಗೆ ಅರ್ಥವಾಗುವ ಹಾಗೆ ಹೇಳಿದ್ದಳು: "ಸರ್ವರ್ ಅಂದ್ರೆ ಅಂಗಡಿ ಕಣಕ್ಕಾ. ಸಾಕೆಟ್ ಅನ್ನೋ ಕಿಂಡಿ ತೆಗೆದು, ಒಂದು ಪೋರ್ಟ್ ನಂಬರ್, ಅಂದ್ರೆ ಬಾಗಿಲ ನಂಬರ್, ಹಿಡಿದು, ಕಿವಿ ತೆರೆದು ಕೂತಿರುತ್ತೆ. ಕ್ಲೈಂಟ್ ಗಿರಾಕಿ. ಆ ನಂಬರಿಗೆ ಬಂದು ಕರೆಯುತ್ತೆ. ಅಂಗಡಿ ತೆರೆಯೋ ಮುಂಚೆ ಗಿರಾಕಿ ಬಂದ್ರೆ ಮುಖಕ್ಕೆ ಬಾಗಿಲು."

"ಮತ್ತೆ ಟಿಸಿಪಿ ಅಂತೀಯಲ್ಲ, ಅದು?"

"ಅದು ನಂಬಿಕಸ್ಥ ಆಳು. ಕೊಟ್ಟಿದ್ದನ್ನ ಕೊಟ್ಟ ಕ್ರಮದಲ್ಲೇ ಮುಟ್ಟಿಸುತ್ತೆ."

ಪರೀಕ್ಷೆಯ ದಿನ ಎರಡನೇ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಲು ಒಬ್ಬರು ಜೊತೆಗಿರಬೇಕಿತ್ತು. ತರಗತಿಯ ಹುಡುಗಿಯರು ತಮ್ಮತಮ್ಮಲ್ಲೇ ಜೋಡಿಯಾದರು. ಐವತ್ತು ದಾಟಿದ ನನ್ನ ತಂಗಿಯ ಜೊತೆ ಸೇರಿ ಕೆಡುವುದು ಯಾರಿಗೂ ಬೇಕಿರಲಿಲ್ಲ. ಅವಳು ನನ್ನನ್ನು ಕರೆದುಕೊಂಡು ಹೋದಳು.

"ಇವರಿಗೆ ಟೈಪ್ ಬರುತ್ತಾ?" ಎಂದರು ಕಲಿಸುವ ಸರ್. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವರಿಗೆ ನಮ್ಮವರು ಗಂಟೆಮಾಮ ಎಂದು ಹೆಸರಿಟ್ಟಿದ್ದರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು.

"ಒಂದು ಬೆರಳಲ್ಲಿ ಬರುತ್ತೆ. ಪರೀಕ್ಷೆ ನಂದು ತಾನೇ, ಅವಳದ್ದಲ್ಲವಲ್ಲ" ಎಂದಳು ತಂಗಿ.

ಸರ್ ಬೇರೆಯವರದ್ದು ನೋಡುತ್ತಿದ್ದಾಗ ನಾವು ಪ್ರೋಗ್ರಾಂ ಒಮ್ಮೆ ಓಡಿಸಿ ನೋಡಿದೆವು. ಅವಳು ಹೇಳಿಕೊಟ್ಟ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಕಾಫಿ ಆಯ್ತಾ" ಎಂದು ಒತ್ತಿದೆ. ಮಾತು ಮುಟ್ಟಿ, ಕೋಣೆಯ ಆ ತುದಿಯಲ್ಲಿ ಅವಳ ಮುಖ ಅರಳಿತು. ಅಷ್ಟರಲ್ಲಿ ಸರ್ ಬಂದರು.

"ಮೊದಲಿಂದ ತೋರಿಸಿ."

ಅವಳು ಸರ್ವರ್ ನಿಲ್ಲಿಸಿದಳು. ನನ್ನ ಕಡೆಯದೂ ತಾನಾಗಿ ಮುಚ್ಚಿಕೊಂಡಿತು. ಮತ್ತೆ ಶುರು ಮಾಡಿದರೆ ಯಂತ್ರ ಒಪ್ಪಲಿಲ್ಲ. ಪೋರ್ಟ್ ಇನ್ನೂ ಬಿಟ್ಟಿಲ್ಲ ಎಂದಿತು.

"ಇದಕ್ಕೇ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಅಂದಿದ್ದು" ಎಂದರು ಸರ್. "ಎಲ್ಲರೂ ಸೇರಿಸಿದಾರೆ. ಆಯ್ತು, ಏಳಿ. ಮುಂದಿನವರು ಬನ್ನಿ."

"ಏಳೋದಿಲ್ಲ ಸರ್."

ತಂಗಿ ದನಿ ಇಳಿಸಿ ಹೇಳಿದಳು. ನನಗೆ ಅವಳ ಚಿಕ್ಕಂದಿನ ಹಟವೆಲ್ಲ ಗೊತ್ತು. ದನಿ ಇಳಿಯಿತೆಂದರೆ ಅವಳನ್ನು ಅಲ್ಲಾಡಿಸುವುದು ಯಾರಪ್ಪನ ಕೈಯಲ್ಲೂ ಆಗದು.

"ಪ್ರೋಗ್ರಾಂ ಕೆಟ್ಟಿಲ್ಲ. ಹಳೇ ಮಾತಿನ ಚೂರು ದಾರೀಲಿ ಉಳಿದಿದ್ರೆ ಹೊಸ ಮಾತಿಗೆ ಬೆರೀಬಾರದು ಅಂತ ಸ್ವಲ್ಪ ಹೊತ್ತು ಆ ಬಾಗಿಲು ತೆರೆಯಲ್ಲ. ಆಮೇಲೆ ಬಿಡುತ್ತೆ. ನಾನು ಕಾಯ್ತೀನಿ."

"ಅದು ನನಗೂ ಗೊತ್ತಮ್ಮಾ! ಕಾಯೋದು ಬೇಡ ಅಂತ್ಲೇ ಆ ಸಾಲು. ಹಾಕೋಕೆ ನಿಮಗೇನು ಕಷ್ಟ?"

"ಅದು ಏನು ಮಾಡುತ್ತೆ ಅಂತ ಕೇಳಿದೆ. ಸುಮ್ನೆ ಹಾಕಮ್ಮ ಅಂದ್ರಿ. ಸುಮ್ನೆ ಹಾಕೋ ಕೆಲಸ ಕೆಳಗೆ ಬೇಕಾದಷ್ಟು ಮಾಡಿದೀನಿ ಸರ್. ಅದು ಸಾಕಾಗಿಯೇ ಮೇಲೆ ಬಂದಿರೋದು."

ಹಿಂದೆ ನಿಂತಿದ್ದ ಜೋಡಿ ಗೊಣಗಿತು. ಸರ್ ಕೀಬೋರ್ಡಿಗೆ ಕೈ ಚಾಚಿದರು. ಅವಳು ಎರಡೂ ಅಂಗೈ ಅದರ ಮೇಲೆ ಮುಚ್ಚಿ ಕೂತಳು. "ನನಗೆ ಕೊಟ್ಟ ಹೊತ್ತು ಇನ್ನೂ ಮುಗಿದಿಲ್ಲ. ನಿಮ್ಮ ಗಡಿಯಾರಾನೇ ನೋಡಿ."

ಸರ್ ನನ್ನ ಕಡೆ ತಿರುಗಿದರು. "ಅಜ್ಜೀ, ನೀವಾದ್ರೂ ಏಳಿ."

"ನನ್ನ ಮಂಡಿ ಕೇಳಬೇಕಲ್ಲಪ್ಪಾ. ಕೂತರೆ ಅದೂ ಬೇಗ ಬಿಡಲ್ಲ."

ಯಾರೋ ಕಿಸಕ್ಕೆಂದರು. ತಂಗಿ ನಗಲಿಲ್ಲ. ಮತ್ತೆ ಒತ್ತಿದಳು, ಇಲ್ಲ. ಕಾದಳು. ಮತ್ತೊಮ್ಮೆ, ಇಲ್ಲ. ಅವಳ ಕುತ್ತಿಗೆಯ ಮೇಲೆ ಬೆವರಿಳಿಯುತ್ತಿತ್ತು. ಕೆಲಸ ಹೋದರೆ ಮನೆಯಲ್ಲಿ ಇಬ್ಬರೂ ಬರಿಗೈ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಏಳಲಿಲ್ಲ, ಬೇಡಿಕೊಳ್ಳಲೂ ಇಲ್ಲ.

ಸರ್ ಗಡಿಯಾರ ನೋಡಿ ಬಾಯಿ ತೆರೆದರು. ಅಷ್ಟರಲ್ಲಿ ಅವಳು ಮತ್ತೆ ಒತ್ತಿದಳು. ಈ ಸಲ ಯಂತ್ರ ಬೈಯಲಿಲ್ಲ, ಕಿವಿ ತೆರೆದು ಕೂತಿತು.

"ಅಕ್ಕಾ, ಹ್ಞೂಂ" ಎಂದಳು.

ನನ್ನ ಕಡೆಯದನ್ನೂ ಮತ್ತೆ ಶುರು ಮಾಡಿ, ಒಂದೊಂದೇ ಅಕ್ಷರ ಹುಡುಕಿದೆ. ಯಾರೂ ಅವಸರ ಮಾಡಲಿಲ್ಲ. "ಇದ್ದೀಯಾ" ಎಂದು ಕಳಿಸಿದೆ.

"ಇದ್ದೀನಿ" ಎಂದು ನನ್ನ ಪರದೆಯ ಮೇಲೆ ಬಂತು.

ಸರ್ ಅಂಕ ಬರೆದುಕೊಂಡರು. ಹೊರಡುತ್ತಾರೆಂದುಕೊಂಡೆ. ಹೊರಡಲಿಲ್ಲ, ಕುರ್ಚಿ ಎಳೆದು ಅವಳ ಪಕ್ಕ ಕೂತರು. "ಆ ಸಾಲು ಏನು ಮಾಡುತ್ತೆ ಅಂದ್ರೆ..." ಎಂದು ಶುರು ಮಾಡಿದರು. ಅವಳು ನಡುವೆ ತಡೆದು ತಡೆದು ಕೇಳಿದಳು. ಪೂರ್ತಿ ತಿಳಿದ ಮೇಲೆ ತಾನೇ ಆ ಸಾಲು ಸೇರಿಸಿದಳು.

ಗುರುವಾರ ಅವಳನ್ನು ಮೇಲಿನ ಕೋಣೆಗೆ ಕರೆದರು. ನಮ್ಮ ಮೇಜುಗಳನ್ನು ಶುಕ್ರವಾರ ಲಾರಿಗೆ ಹಾಕಿದರು. ಅಂದೇ ನನ್ನನ್ನು ಕಚೇರಿಗೆ ಕರೆದು, ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ ಎಂದು ಬರೆದ ಕಾಗದ ಮುಂದಿಟ್ಟರು.

"ನಾನೆಲ್ಲಿ ಬಿಡ್ತಿದೀನಿ? ನೀವು ಕಳಿಸ್ತಿದೀರಿ. ಹಾಗಂತ ಬರೀರಿ, ಸಹಿ ಹಾಕ್ತೀನಿ" ಎಂದೆ. ಬರೆಯುವುದಿಲ್ಲ ಎಂದರು. ಅಲ್ಲಿಯೇ ಕೂತೆ. ಕಚೇರಿ ಮುಚ್ಚುವ ಹೊತ್ತಿಗೆ ಗುಮಾಸ್ತರು ನಾನು ಹೇಳಿದ ಹಾಗೆ ಬರೆದ ಬೇರೆ ಕಾಗದ ತಂದರು, ಸಹಿ ಹಾಕಿದೆ. ನಾನು ಕಾರ್ಖಾನೆ ಬಿಟ್ಟದ್ದು ಶನಿವಾರ.