ಇಪ್ಪತ್ತಕ್ಕೆ ನಿಂತ ಅನಿಲ

ಕೆಮಿಸ್ಟ್ರಿ ಮೇಡಂ ಆ ಶಾಲೆಯಲ್ಲಿ ಮೂರು ವರ್ಷದಿಂದ ಹಂಗಾಮಿ. ಅವರನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸಲು ಇನ್ಸ್‌ಪೆಕ್ಟರ್ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಹೆಡ್‌ಮಾಸ್ಟರು, ಮುಖ ಗಂಟಿಕ್ಕಿಕೊಂಡು.

ಕೋಣೆಯ ಉಷ್ಣತೆಯಲ್ಲಿ ಒಂದು ಮೋಲ್ ಅನಿಲ ಸುಮಾರು ಇಪ್ಪತ್ತನಾಲ್ಕು ಲೀಟರ್ ಜಾಗ ಹಿಡಿಯುತ್ತದೆಂದು ಮೇಡಂ ಬೋರ್ಡಿನ ಮೇಲೆ ಬರೆದಿದ್ದರು. ಅದರ ಸಾವಿರದಲ್ಲೊಂದು ಪಾಲನ್ನು ಈಗ ಕಣ್ಣಾರೆ ತೋರಿಸಬೇಕು. ಇಪ್ಪತ್ತನಾಲ್ಕು ಮಿಲಿಗ್ರಾಂ ಮೆಗ್ನೀಸಿಯಂ ಪಟ್ಟಿ ತೂಗಿ, ತಾಮ್ರದ ತಂತಿಯಲ್ಲಿ ಸುತ್ತಿ, ಆಮ್ಲ ಮತ್ತು ನೀರು ತುಂಬಿದ ಅಳತೆ ಕೊಳವೆಯ ಬಾಯಿಗೆ ಸಿಕ್ಕಿಸಿ, ಕೊಳವೆಯನ್ನು ನೀರಿನ ಪಾತ್ರೆಯಲ್ಲಿ ಬೋರಲು ಹಾಕಿದರು. ಗುಳ್ಳೆಗಳು ಎದ್ದವು. ಅಷ್ಟು ಮೆಗ್ನೀಸಿಯಂಗೆ ಇಪ್ಪತ್ತನಾಲ್ಕು ಮಿಲಿಲೀಟರ್ ಹೈಡ್ರೋಜನ್ ಬರಬೇಕಿತ್ತು.

ಇಪ್ಪತ್ತಕ್ಕೆ ನಿಂತುಬಿಟ್ಟಿತು.

ಆ ಲ್ಯಾಬಿನಲ್ಲೇ ತಲೆ ನರೆಸಿಕೊಂಡಿದ್ದ ಅಟೆಂಡರ್ ಪಾತ್ರೆ ಸರಿಸುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದ: "ಇಪ್ಪತ್ನಾಲ್ಕು ಅಂದ್ಬಿಡಿ ಮೇಡಂ. ಅಷ್ಟು ದೂರಕ್ಕೆ ಅವರಿಗೇನು ಕಾಣುತ್ತೆ? ಹಿಂದಿನ ಮೇಷ್ಟ್ರೂ ಹಾಗೇ ಅಂತಿದ್ರು."

ಆ ಮಾತು ಮೇಡಂ ನಾಲಿಗೆ ತುದಿಗೆ ಬಂದಿತ್ತು. ಆದರೆ ಗೆಳತಿಯರಿಂದ 'ಪ್ರಶ್ನೆಪತ್ರಿಕೆ' ಎಂಬ ಅಡ್ಡಹೆಸರು ಪಡೆದಿದ್ದ ಹುಡುಗಿ ಮುಂದಿನ ಬೆಂಚಿನಿಂದ ಕೊಳವೆಯ ಗೆರೆಗಳನ್ನೇ ನೋಡುತ್ತಿದ್ದಳು. ಮೇಡಂ ತರಗತಿಯ ಕಡೆ ತಿರುಗಿದರು.

"ಇಪ್ಪತ್ತೇ ಬಂದಿದೆ. ಉಳಿದ ನಾಲ್ಕು ಎಲ್ಲಿ ಹೋಯ್ತು?"

ಹೆಡ್‌ಮಾಸ್ಟರು ಕೆಮ್ಮಿದರು. ಇನ್ಸ್‌ಪೆಕ್ಟರರ ಪೆನ್ನು ಸರಸರ ಓಡಿತು.

ಹುಡುಗಿ ಎದ್ದು ನಿಂತಳು. "ಪಟ್ಟಿ ಕಪ್ಪಗಿತ್ತಲ್ಲ ಮೇಡಂ, ಆ ಕಪ್ಪನ್ನೂ ಸೇರಿಸಿ ತೂಗಿದ್ವಾ?"

ಹೌದು, ಗಾಳಿಗೆ ಕಪ್ಪುಗಟ್ಟಿದ ಹಳೇ ಪಟ್ಟಿ; ಆ ಕಪ್ಪು ತೂಕಕ್ಕೆ ಸೇರುತ್ತದೆ, ಅನಿಲ ಕೊಡುವುದಿಲ್ಲ. ಬೆಲ್ಲಿಗೆ ಇನ್ನು ಹನ್ನೆರಡೇ ನಿಮಿಷ. ಹುಡುಗಿ ಹೊಸ ತುಂಡನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿಕೊಟ್ಟಳು. ಮೇಡಂ ಅದನ್ನು ಮೂರು ಸಲ ತೂಗಿ ನೋಡಿದರು. ಗುಳ್ಳೆಗಳು ನಿಲ್ಲುವ ಹೊತ್ತಿಗೆ ಇನ್ಸ್‌ಪೆಕ್ಟರ್ ಮೇಜಿನ ಬಳಿಯೇ ಬಂದು, ಮಂಡಿ ಬಗ್ಗಿಸಿ, ತಾವೇ ಗೆರೆ ಓದಿದರು.

"ಇಪ್ಪತ್ನಾಲ್ಕೂವರೆ. ಈ ಅರ್ಧ ಯಾಕೆ ಜಾಸ್ತಿ?"

ಒಳಗೆ ನೀರಿನ ಆವಿಯೂ ಸೇರಿದೆ ಎಂದರು ಮೇಡಂ. ಆತ ಅದನ್ನೂ ಬರೆದುಕೊಂಡರು. ಬೆಲ್ಲಾಯಿತು, ಹೊರಟುಹೋದರು.

ಹದಿನೈದು ದಿನ ಮೇಡಂಗೆ ಅನ್ನ ರುಚಿಸಲಿಲ್ಲ. ಆಮೇಲೆ ಕಾಯಂ ಆದೇಶ ಬಂತು. ಅಕ್ಕನಿಗೆ ಫೋನ್ ಮಾಡಿದರೆ ಮಾತಿಗೆ ಮೊದಲು ಅಳುವೇ ಬಂತು. ಕೆಲಸ ಹೋಯಿತೆಂದುಕೊಂಡ ಅಕ್ಕ ಆ ಕಡೆಯಿಂದ ಸಮಾಧಾನ ಹೇಳತೊಡಗಿದಳು.