ನಲ್ಲಪ್ಪ ಬರೆಸಿಕೊಂಡ ಎರಡು ಏಟು

ಕುಂದಲಹಳ್ಳಿಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಓದಿಸಿಕೊಳ್ಳಲು ನನ್ನ ಹತ್ತಿರವೇ ಬರಬೇಕು. ಈ ದೇವರಾಜನಿಗೆ ಕೊಬ್ಬು ಅನ್ನುತ್ತಾರೆ. ಹೌದು, ಇದೆ. ಟೆಕ್ ಪಾರ್ಕಿನಲ್ಲಿ ನಲವತ್ತು ಸೆಕ್ಯುರಿಟಿ ಗಾರ್ಡುಗಳನ್ನು ಮೇಯಿಸುವ ಸೂಪರ್‌ವೈಸರಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ?

ಎರಡು ಸಾವಿರದ ಹನ್ನೊಂದನೇ ಇಸವಿ, ಒಂದು ಬೆಳಿಗ್ಗೆ. ಎರಡನೇ ಗೇಟಿನಲ್ಲಿ ಗಾರ್ಡು ನಲ್ಲಪ್ಪ ಪಾರ್ಕಿನ ಪಾಸ್ ಸ್ಟಿಕ್ಕರ್ ಇಲ್ಲದ ಕಾರೊಂದನ್ನು ತಡೆದ. ಐವತ್ತಾರು ವಯಸ್ಸು, ನಮ್ಮೂರಿನವನೇ, ವರಸೆಯಲ್ಲಿ ನನಗೆ ಮಾವ. ಕಾರಿನಿಂದ ಇಳಿದ, ಪಾರ್ಕಿನ ಯಾವುದೋ ಕಂಪನಿಯ ಮ್ಯಾನೇಜರ್ ಅವನ ಕೆನ್ನೆಗೆ ಬಾರಿಸಿದ, ಬಿದ್ದ ಮೇಲೆ ಒದ್ದ. ನಲ್ಲಪ್ಪ ಕೈ ಎತ್ತಲೇ ಇಲ್ಲ. ಕ್ಯಾಮೆರಾದಲ್ಲಿ ನಾನೇ ನೋಡಿದೆ, ಟೋಪಿ ಹುಡುಕಿಕೊಂಡು ತೆವಳುತ್ತಿದ್ದ.

ನಮ್ಮಲ್ಲಿ ಏನೇ ಗಲಾಟೆಯಾದರೂ ಇಂಗ್ಲಿಷಿನಲ್ಲಿ ವರದಿ ಬರೆದು ಗಾರ್ಡಿನ ಸಹಿ ಹಾಕಿಸಬೇಕು. ಎಲ್ಲಾ ನಿಂತಿರುವುದು ಒಂದು ಪದದ ಮೇಲೆ. 'ಅಸಾಲ್ಟ್' ಅಂದರೆ ಒಬ್ಬ ಹೊಡೆದ, ಇನ್ನೊಬ್ಬ ತಿಂದ. ಪೊಲೀಸರು ಬರುತ್ತಾರೆ, ಗಾರ್ಡಿನ ಕೆಲಸ ಉಳಿಯುತ್ತದೆ. 'ಸ್ಕಫಲ್' ಅಂದರೆ ಬರೀ ತಳ್ಳಾಟ. ಇಬ್ಬರಿಗೂ ಬುದ್ಧಿ ಹೇಳಿ ಬಿಡುತ್ತಾರೆ. 'ಫೈಟ್' ಅಂದರೆ ಇಬ್ಬರೂ ಹೊಡೆದಾಡಿದರು. ಗಾರ್ಡು ಅವತ್ತೇ ಮನೆಗೆ. ನಮ್ಮ ಸೆಕ್ಯುರಿಟಿ ಕಂಪನಿ ಆಫೀಸಿನ ಭಾನುಪ್ರಕಾಶ್ ಸಾರ್ ಫೋನ್ ಮಾಡಿ, ಪೊಲೀಸರನ್ನು ಕರೆಸುವಂಥ ಪದ ಬೇಡ ಎಂದಿದ್ದರು. ಸ್ಕಫಲ್ ಎಂದು ಬರೆಯೋಣ ಅಂದುಕೊಂಡೆ. ನಾನೇನು ರಾಕ್ಷಸನಲ್ಲ.

ನಲ್ಲಪ್ಪ ಒಳಗೆ ಬಂದ. ತುಟಿ ಊದಿತ್ತು. ಅಳುತ್ತಾನೆ ಅಂದುಕೊಂಡರೆ ಬಾಗಿಲು ಹಾಕಿ ಹತ್ತಿರ ಬಂದು ನಿಂತ.

"ದ್ಯಾವರಾಜ, ನಾನೂ ಎರಡು ಬಿಟ್ಟೆ ಅಂತ ಬರಿ. ಸುಮ್ಕೆ ಒದೆ ತಿಂದ ಅಂತ ಊರ್ಗೆ ಗೊತ್ತಾದ್ರೆ ಅಳಿಯನ ಮುಂದೆ ಎಂಗೆ ತಲೆ ಎತ್ಕಂಡ್ ಕೂರಾದು?"

ಆಹಾ, ಮಾನ! ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದಾಗ ಅರಳಿಕಟ್ಟೆ ಮೇಲೆ ಕೂತು ಊರೆಲ್ಲ ಕೇಳುವಂತೆ ನಕ್ಕವನು ಇವನೇ. ಹಾಗೆ ಬರೆದರೆ ಕೆಲಸ ಹೋಗುತ್ತದೆ ಅಂತ ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ.

"ಆಮೇಲೆ ಬೇರೆ ಥರ ಬರಿ ಅಂದ್ರೆ ಆಗಲ್ಲ, ಮಾವ," ಅಂದೆ.

"ಅಂಗೇ ಬರಿಯಪ್ಪ. ನಿನ್ ಕಾಲಿಗ್ ಬೀಳ್ತೀನಿ."

ಫೈಟ್ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅವನು ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿ, ಒಂದು ಝೆರಾಕ್ಸ್ ಕೇಳಿ ಇಸಿದುಕೊಂಡ. ಸಂಜೆಗೆ ಅವನ ಯೂನಿಫಾರ್ಮ್ ವಾಪಸ್ ತೆಗೆದುಕೊಂಡೆವು. ಮಾರನೇ ದಿನ ಮ್ಯಾನೇಜರ್ ಹೊಸ ಸ್ಟಿಕ್ಕರ್ ಅಂಟಿಸಿಕೊಂಡು ಅದೇ ಗೇಟಿನಲ್ಲಿ ಒಳಗೆ ಹೋದ.

ದೊಡ್ಡವರ ಕಾರು ತಡೆದದ್ದಕ್ಕೆ ಕೆಲಸ ಹೋಯಿತೆಂದು ನಲ್ಲಪ್ಪ ತಿಳಿದ. ಊರಲ್ಲಿ ಆ ಕಾಗದ ತೋರಿಸಿ ಮೆರೆದ. ಅಳಿಯ ಬೆನ್ನು ತಟ್ಟಿದನಂತೆ. ಆಮೇಲೆ ತನ್ನ ಧೈರ್ಯಕ್ಕೆ ಸಾಕ್ಷಿ ಅಂತ ಅದನ್ನೇ ಜೇಬಿನಲ್ಲಿಟ್ಟುಕೊಂಡು ಮಹದೇವಪುರದ ಪಾರ್ಕುಗಳಿಗೆಲ್ಲ ಕೆಲಸ ಕೇಳುತ್ತಾ ತಿರುಗಿದ.

ಮೂರು ತಿಂಗಳಾದ ಮೇಲೆ ನನ್ನ ಹತ್ತಿರ ಬಂದ. ಚಪ್ಪಲಿ ಸವೆದಿತ್ತು, ಕಾಗದ ಮಡಿಕೆಯಲ್ಲಿ ಹರಿದು ಎರಡಾಗಿತ್ತು.

"ಎಲ್ಲಾರೂ ಓದ್ತಾರೆ, ಆಮ್ಯಾಕೆ ಕೆಲ್ಸ ಇಲ್ಲ ಅಂತಾರೆ. ಅರ್ದೋಗೈತಲ್ಲ, ಸರಿಯಾಗಿ ಕಾಣಾಕಿಲ್ಲ ಅನ್ಸುತ್ತೆ. ಇನ್ನೊಂದು ತೆಗ್ಸಿಕೊಡಪ್ಪ."

ಫೈಲಿನಿಂದ ವರದಿ ತೆಗೆದು, ಹತ್ತು ಕಾಪಿ ಮಾಡಿಸಿಕೊಟ್ಟೆ.