ಸುಣ್ಣದ ರೌಂಡು

ಕಾನಹೊಸಹಳ್ಳಿಯ ರೇಷನ್ ಅಂಗಡಿ ಮುಂದೆ ಮೂರು ಮೂರು ಅಡಿಗೊಂದು ಸುಣ್ಣದ ರೌಂಡು ಹಾಕಿದ್ದು ನಮ್ಮಪ್ಪ ಓಬಳೇಶ. ಪಂಚಾಯ್ತಿಯಲ್ಲಿ ಅವನಿಗೆ ಕೆಲಸ. ಉಳಿದ ಸುಣ್ಣವನ್ನು ನಾನು ಡಬ್ಬಿಯಲ್ಲಿ ಹೊತ್ತುಕೊಂಡು ಹೋಗಿ ಶಾಲೆ ಬಯಲಿನಲ್ಲಿ ನಮಗೂ ಏಳು ರೌಂಡು ಹಾಕಿದೆ. ಲಾಕ್‌ಡೌನಿಗೆ ಶಾಲೆ ಮುಚ್ಚಿ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟಿತ್ತು.

ಆಟವೂ ನನ್ನದೇ. ಒಬ್ಬೊಬ್ಬರಿಗೆ ಒಂದೊಂದು ರೌಂಡು. ಕೈಯಿಂದ ಮುಟ್ಟುವಂತಿಲ್ಲ; ರೌಂಡು ಬದಲಿಸಲು ಓಡುವವರನ್ನು ರೌಂಡಿಲ್ಲದ ಒಬ್ಬರು ಉದ್ದನೆಯ ಜೋಳದ ದಂಟಿನ ತುದಿಯಿಂದ ಮುಟ್ಟಿದರೆ ಔಟು. ನಿಜ ಹೇಳುತ್ತೇನೆ, ಆ ಕೊರೊನಾ ನನಗೆ ಇಷ್ಟವಾಗಿತ್ತು. ಮೊದಲು ಮುಟ್ಟಾಟಕ್ಕೆ ಕೇರಿಯವಳೆಂದು ನನ್ನನ್ನು ಸೇರಿಸುತ್ತಿರಲಿಲ್ಲ. ಈಗ ಯಾರೂ ಯಾರನ್ನೂ ಮುಟ್ಟುವಂತಿಲ್ಲ, ಎಲ್ಲರೂ ನನ್ನ ಹಾಗೇ ಆಗಿದ್ದರು.

ನನ್ನ ಕ್ಲಾಸಿನ ಅರ್ಚನಾ ಅಂತೂ ದಿನಾ ನನ್ನ ಪಕ್ಕದ ರೌಂಡಿಗೇ ಬರುತ್ತಿದ್ದಳು. ಅಲ್ಲಿಂದಲೇ ಹುಣಸೆಹಣ್ಣು ಎಸೆಯುತ್ತಿದ್ದಳು, ನಾನು ಹಿಡಿಯುತ್ತಿದ್ದೆ. ಒಂದು ದಿನ ಅವಳಾಗಿಯೇ ಮಾತು ಕೊಟ್ಟಳು.

"ಕೊರೊನಾ ಹೋದ ದಿನ ಎಲ್ಲರಿಗಿಂತ ಮೊದ್ಲು ನಿನ್ನ ಮುಟ್ತೀನಿ, ಸುಮಂಗಲಾ."

ಆ ಮಾತನ್ನು ಎಷ್ಟು ತಿಂಗಳು ಜೋಪಾನ ಮಾಡಿದ್ದೆ ಅನ್ನೋದು ನನಗೇ ಗೊತ್ತು.

ಶಾಲೆ ತೆರೆಯಿತು. ಕೆಲವು ದಿನ ಕಳೆದ ಮೇಲೆ ಇನ್ನು ಅಂತರ ಬೇಡ ಎಂದು ಮೇಷ್ಟ್ರೇ ಹೇಳಿದರು. ಸಂಜೆ ಸೋಪು ಹಚ್ಚಿ ಎರಡು ಸಲ ಕೈ ತೊಳೆದುಕೊಂಡು ಬಯಲಿಗೆ ಓಡಿದೆ. ಮಳೆಗೆ ನಮ್ಮ ರೌಂಡುಗಳೆಲ್ಲ ಹೋಗಿದ್ದವು. ಒಂದು ಮಾತ್ರ ಹೊಸ ಸುಣ್ಣದಲ್ಲಿ ಬೆಳ್ಳಗಿತ್ತು. ಅರ್ಚನಾ ತನ್ನ ಪಕ್ಕದ ಮನೆಯ ಸುಕನ್ಯಾಳ ಕೈ ಹಿಡಿದು ಗಿರಗಿರ ಸುತ್ತುತ್ತಿದ್ದಳು. ಇರಲಿ, ಮರೆತಿರಬೇಕು ಎಂದುಕೊಂಡು ಹತ್ತಿರ ಹೋದೆ. ಅವಳು ಹಿಂದೆ ಸರಿದು, ಆ ಹೊಸ ರೌಂಡು ನಿನಗೆ ಅಂದಳು. ಅವಳಜ್ಜಿ ಎರ್ರಮ್ಮ ಹೇಳಿದ್ದಾಳಂತೆ, ಆಟಕ್ಕೆ ಬೇಕಾದರೆ ಬರಲಿ, ಅದರೊಳಗೇ ನಿಲ್ಲಲಿ ಅಂತ.

"ಕೊರೊನಾ ಹೋಗೈತಲ್ಲ," ಅಂದೆ. "ಮೊದ್ಲು ನನ್ನ ಮುಟ್ತೀನಿ ಅಂದಿದ್ದಿ."

ಅರ್ಚನಾ ಸುಕನ್ಯಾಳ ಮುಖ ನೋಡಿದಳು. ಆಮೇಲೆ ಅಲ್ಲೇ ಬಿದ್ದಿದ್ದ ಜೋಳದ ದಂಟು ಎತ್ತಿಕೊಂಡು, ದೂರದಿಂದಲೇ ಅದರ ತುದಿಯನ್ನು ನನ್ನ ಭುಜಕ್ಕೆ ತಾಗಿಸಿದಳು.

"ಮುಟ್ಟಿದ್ನಲ್ಲ, ಸಾಕೇನು?"

ಆಟಕ್ಕೆ ಬಂದಿದ್ದವರೆಲ್ಲ ನಕ್ಕರು. ದಂಟು ಕಸಿದು ಮುರಿದು ಆ ರೌಂಡಿನೊಳಗೆ ಎಸೆದು ಮನೆಗೆ ಬಂದೆ. ಎರ್ರಮ್ಮನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವಳು ನನಗೆ ಯಾವ ಮಾತೂ ಕೊಟ್ಟಿರಲಿಲ್ಲ.